ಊಹೂಂ ಅಂದ ಮುದ್ದೀರಿ

ಒಂದಾನೊಂದು ಕಾಲದಲ್ಲಿ, ಹೂಂ ಅನ್ನು ಮತ್ತೆ, ನೀನು ಹೂಂ ಅಂತಾ ಇದ್ರೇನೇ ಕತೆ ಮುಂದಕ್ಕೆ ನಡೆಯೋದು, ಇಲ್ಲದಿದ್ರೆ ಅದು ದಾರೀಲೇ ಕೂತುಬಿಡ್ತದೆ. ಹಾಂ, ಹಂಗೆ. ಒಂದಾನೊಂದು ಕಾಲದಲ್ಲಿ ರಾಗಿಕಲ್ಲೂರು ಅಂತ ಒಂದು ಊರು ಇತ್ತಂತೆ. ಆ ಊರಿನ ಹೆಂಗಸರಿಗೆ ಬೀಸೋದು ಅಂದ್ರೆ ಹಾಡೋದು, ಹಾಡೋದು ಅಂದ್ರೆ ಬೀಸೋದು. ಅಲ್ಲಿ ಮುದ್ದೀರಿ ಅಂತ ಒಬ್ಬ ಹೆಣ್ಣುಮಗಳು ಇದ್ಲಂತೆ. ಗಂಡ ತೀರಿಕೊಂಡಿದ್ದ, ಮಕ್ಕಳು ಮರಿ ಇಲ್ಲ, ಮನೇಲಿ ಇದ್ದಿದ್ದು ಒಂದು ಹಸು, ಒಂದು ಬೀಸೋಕಲ್ಲು, ಒಂದು ನಾಲಿಗೆ. ನಾಲಿಗೆ ಸ್ವಲ್ಪ ಉದ್ದ ಅಂತ ಊರೋರು ಆಡ್ಕೊಳ್ಳೋರು. ಆದ್ರೆ ತೋಳು ನಾಲಿಗೆಗಿಂತ ಉದ್ದ, ಯಾರ ಮನೆ ಕೆಲಸಕ್ಕಾದ್ರೂ ಎಟುಕೋದು.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ಯಾರದಾದ್ರೂ ಮನೇಲಿ ಮದುವೆ ಬಂದ್ರೆ, ಗುಡಿಸಲಿಗೆ ಹುಲ್ಲು ಹೊದಿಸೋದು ಬಂದ್ರೆ, ಆ ಮನೆಯೋರು ನೆರೆಮನೆ ಹೊಸಿಲ ಆಚೆ ನಿಂತು, ಒಂದು ಕೈ ಕೊಡ್ತೀಯಾ ಅಂತ ಕೇಳೋರು. ಒಳಗಿದ್ದೋರು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಊಹೂಂ ಕಣಕ್ಕಾ, ಮಗೀಗೆ ಜ್ವರ. ಊಹೂಂ ಕಣಣ್ಣಾ, ಸೊಂಟ ಹಿಡಿದದೆ. ಒಂದೊಂದು ಸಲ ಸುಮ್ಮನೆ, ಊಹೂಂ, ಇವತ್ತು ಮನಸ್ಸಿಲ್ಲ. ಅದಕ್ಕೆ ಯಾರೂ ಮುಖ ಊದಿಸ್ಕೊಳ್ತಿರಲಿಲ್ಲವಂತೆ. ಹೂಂ ಅಂದೋರು ಬಂದು ಕೈ ಹಾಕಿ, ಉಂಡು, ಎಲೆ ಅಡಿಕೆ ಹಾಕ್ಕೊಂಡು ಹೋಗೋರು, ಆಮೇಲೆ ಅವರ ಮನೆ ಕೆಲಸಕ್ಕೆ ಇವರು ಹೋಗೋರು. ಅದಕ್ಕೆ ಮುಯ್ಯಿ ಅಂತ ಹೆಸರು.

ಮುದ್ದೀರಿ ಮನೆ ಬಲಗಡೆ ಗುಡಿಸಲಲ್ಲಿ ಲಕ್ಕವ್ವ ಅಂತ ಕಣ್ಣಿಲ್ಲದ ಮುದುಕಿ ಇದ್ಲಂತೆ. ಅವಳಿಗೆ ಮಾಡಿದ್ದು ಮುಯ್ಯಾಗಿ ವಾಪಸು ಬರೋ ಹಂಗಿರಲಿಲ್ಲ. ಆದ್ರೂ ದಿನಾ ಬೆಳಗ್ಗೆ ಮುದ್ದೀರಿ ಒಂದು ಕುಡಿಕೆ ಅಂಬಲಿ ಕಾಯಿಸಿ, ಮಜ್ಜಿಗೆ ಬೆರೆಸಿ, ಒಂದು ಈರುಳ್ಳಿ ಜಜ್ಜಿ ಹಾಕಿ ತಗೊಂಡು ಹೋಗೋಳು. ಮುದುಕಿ ಒಂದು ಗುಟುಕು ಕುಡಿದು, ಉಪ್ಪು ಕಮ್ಮಿ ಕಣೇ ಅನ್ನೋಳು. ಹಂಗಾದ್ರೆ ನಾಳೆ ಬರಲ್ಲ ಹೋಗು ಅನ್ನೋಳು ಮುದ್ದೀರಿ. ಬರಬೇಡ ಹೋಗೇ, ಯಾರು ಕರೆದ್ರು ಅನ್ನೋಳು ಮುದುಕಿ. ಮಾರನೇ ಬೆಳಗ್ಗೆ ಮತ್ತೆ ಅದೇ ಕುಡಿಕೆ, ಅದೇ ಜಗಳ. ಎಡಗಡೆ ಮನೆ ದೊಡ್ಡತಾಯಿ ಜೊತೆ ಇನ್ನೊಂದು ಜಗಳ. ದೊಡ್ಡತಾಯಿ ಕುಂಬಳ ಬಳ್ಳಿ ಗೋಡೆ ಹತ್ತಿ ಮುದ್ದೀರಿ ಹಿತ್ತಲಿಗೆ ಇಳಿದು ಅಲ್ಲಿ ಕಾಯಿ ಬಿಟ್ಟಿತ್ತಂತೆ. ಬೇರು ನಂದು ಅಂತ ಅವಳು, ನೆಲ ನಂದು ಅಂತ ಇವಳು. ಆ ಕುಂಬಳಕಾಯಿ ಕೊಳೆತು ಹೋಯ್ತು, ಜಗಳ ಮಾತ್ರ ಹಸಿಯಾಗೇ ಇತ್ತು.

ಹಿಂಗಿರಬೇಕಾದ್ರೆ ಒಂದು ದಿನ ಆ ಸೀಮೆ ದೊರೆ ಕುದುರೆ ಮೇಲೆ ಆ ದಾರೀಲಿ ಬಂದ್ನಂತೆ. ಒಂದು ಮದುವೆ ಮನೆ ಅಂಗಳದಲ್ಲಿ ಹೆಂಗಸರೆಲ್ಲ ಸೇರಿ ಬೀಸ್ತಾ ಹಾಡ್ತಾ ಇದ್ರು. ಹಾಡು ಕೇಳಿ ಕುದುರೇನೇ ನಿಂತುಬಿಡ್ತಂತೆ. ದೊರೆ ಇಳಿದು ಬಂದು, ಏನವ್ವಾ, ಇದು ನಿಮ್ಮನೆ ಮದುವೇನಾ ಅಂತ ಮುದ್ದೀರೀನ ಕೇಳಿದ್ನಂತೆ. ಅಲ್ಲ ಬುದ್ಧೀ. ಹಂಗಾದ್ರೆ ನಿಮ್ಮನ್ನ ಬಾ ಅಂತ ಅಪ್ಪಣೆ ಮಾಡಿದ್ದು ಯಾರು? ಮುದ್ದೀರಿಗೆ ನಗು ಬಂತು. ಅಪ್ಪಣೆ ಮಾಡಿದ್ರೆ ಹಾಡು ಬರ್ತದಾ ಬುದ್ಧೀ ಅಂದ್ಲಂತೆ.

ದೊರೆ ನಗಲಿಲ್ಲ. ಅವನ ಎದೇಲಿ ಒಂದು ಮುಳ್ಳು ಇತ್ತು. ಅವನು ಇನ್ನೂ ಚಿಕ್ಕವನಿದ್ದಾಗ ಅವನ ತಾಯಿ ಪಲ್ಲಕ್ಕೀಲಿ ಹೊಳೆ ದಾಟಬೇಕಾದ್ರೆ ಹೊರೋರ ಕಾಲು ಜಾರಿ ಪಲ್ಲಕ್ಕಿ ನೀರಿಗೆ ಬಿದ್ದಿತ್ತಂತೆ. ದಡದ ತುಂಬ ಜನ ನಿಂತಿದ್ರು. ಯಾರೂ ನೀರಿಗೆ ಇಳೀಲಿಲ್ಲ. ಆ ಜನ ನಿಂತ ಹಂಗೇ ನಿಂತಿದ್ದು ದೊರೆ ಕಣ್ಣಿಂದ ಹೋಗಿರಲಿಲ್ಲ. ಈ ಊರಿನ ಹೆಂಗಸರು ಕರೆದ ತಕ್ಷಣ ಬರ್ತಾರೆ, ಆ ದಡದ ಜನ ಬರಲಿಲ್ಲ. ಯಾಕೆ? ಇಲ್ಲಿರೋದು ಎಲ್ಲಾ ಕಡೆ ಆಗಬೇಕು, ಅವರವರ ಮನಸ್ಸಿಗೆ ಬಿಟ್ರೆ ಆಗಲ್ಲ ಅಂದ್ಕೊಂಡು ಅರಮನೆಗೆ ಹೋಗಿ ಸೀಮೆಗೆಲ್ಲ ಡಂಗುರ ಹೊಡೆಸಿಬಿಟ್ಟನಂತೆ. ಕೇಳ್ರಪ್ಪೋ ಕೇಳ್ರಿ, ಇವತ್ತಿಂದ ಯಾರು ಕೈ ಕೊಡು ಅಂತ ಕರೆದ್ರೂ ಹೂಂ ಅನ್ನಬೇಕು. ಊಹೂಂ ಅನ್ನೋ ಮಾತು ಈ ಸೀಮೇಲಿ ಇನ್ನು ಇಲ್ಲ. ಅಂದೋರನ್ನ ಕಂಬಕ್ಕೆ ಕಟ್ಟಿಸ್ತೀನಿ.

ಮೊದಮೊದಲು ಊರಿಗೆ ಇದು ತಮಾಷೆ ಅನ್ನಿಸ್ತಂತೆ. ನಾವು ಹೆಂಗೂ ಹೂಂ ಅನ್ನೋರೇ ತಾನೇ, ಏನು ಕಳ್ಕೊಂಡ್ವಿ ಅಂದ್ಕೊಂಡ್ರು. ಆಮೇಲೆ ಒಂದು ಮದುವೆ ಮನೇಲಿ ಬೀಸೋಕೆ ಕೂತ್ರು. ತಳವಾರ ಮರಿಗುಡ್ಡ, ಅವನೇ ಊರು ಕಾಯೋನು, ಕೋಲು ಹಿಡ್ಕೊಂಡು ಯಾರು ಬಂದ್ರು ಯಾರು ಬರಲಿಲ್ಲ ಅಂತ ನೋಡ್ತಾ ಬಾಗಿಲಲ್ಲಿ ನಿಂತ. ಒಬ್ಬಳು ಹಾಡಿನ ಮೊದಲ ಸೊಲ್ಲು ಎತ್ತಿದ್ಲು. ಎರಡನೇ ಸೊಲ್ಲು ಯಾರ ಬಾಯಿಂದಲೂ ಬರಲಿಲ್ಲ. ಬರೀ ಕಲ್ಲು ಗರಗರ ಅಂತು, ಹಿಟ್ಟು ತರಿತರಿಯಾಗಿ ಬಿತ್ತು. ಆಮೇಲೆ ಊರ ಪಟೇಲ ಶುರು ಮಾಡ್ದ. ಬೇಲಿ ಕಟ್ಟೋಕೆ ಬನ್ನಿ ಅಂದ, ಹೋದ್ರು. ಕೊಟ್ಟಿಗೆ ಬಾಚೋಕೆ ಬನ್ನಿ ಅಂದ, ಹೋದ್ರು. ಕೊನೆಗೆ ಬೆನ್ನು ಕೆರೆಯೋಕೆ ಬನ್ನಿ ಅಂದ್ನಂತೆ. ಹಂಗೆ ನಗಬೇಡ, ಕೆಮ್ಮು ಬರ್ತದೆ. ದೊಡ್ಡತಾಯಿ ಪಟೇಲನ ಬೆನ್ನು ಕೆರೀತಾ ಕೂತಿದ್ದಾಗ ಇಲ್ಲಿ ಅವಳ ಹಸು ಈಯೋಕಾಗದೆ ಒದ್ದಾಡಿ, ಕರು ಸತ್ತು ಹೋಯ್ತಂತೆ. ಆಮೇಲಾಮೇಲೆ ಏನಾಯ್ತು ಅಂದ್ರೆ, ಅಗುಳಿ ಅಂದ್ರೇನು ಅಂತ ಗೊತ್ತಿಲ್ಲದ ಊರಲ್ಲಿ ಹಗಲು ಹೊತ್ತೇ ಬಾಗಿಲಿಗೆ ಅಗುಳಿ ಬಿತ್ತು. ಕರೆದಿದ್ದು ಕೇಳಿಸಿದ್ರೆ ತಾನೇ ಹೂಂ ಅನ್ನಬೇಕು? ಕೇಳಿಸದೇ ಇರಲಿ ಅಂತ ಒಳಗೆ ಕೂತ್ರು. ಮೊದಲು ಒಂದು ಮಡಕೆ ಬಿದ್ದ ಸದ್ದಿಗೆ ಮೂರು ಮನೆಯೋರು ಓಡಿ ಬರೋರು. ಈಗ ಮನುಷ್ಯ ಬಿದ್ರೂ ಇನ್ನೊಬ್ಬರು ಕೆಮ್ಮಿ ಸುಮ್ಮನಾಗೋರು.

ಮುದ್ದೀರಿ ಇದನ್ನೆಲ್ಲ ಹೊಟ್ಟೇಲಿ ಹಾಕ್ಕೊಂಡು ಸುಮ್ಮನಿದ್ಲು. ತನ್ನ ಅಂಬಲಿಗೂ ದೊರೆಗೂ ಏನು ಸಂಬಂಧ ಅಂದ್ಕೊಂಡಿದ್ಲು. ಒಂದು ಬೆಳಗ್ಗೆ ಕುಡಿಕೆ ತಗೊಂಡು ಹೊರಟ್ರೆ ಹಿಂದೆ ಟಕಟಕ ಅಂತ ಕೋಲಿನ ಸದ್ದು. ಮರಿಗುಡ್ಡ. ಮುದುಕೀಗೆ ಸರಿಯಾಗಿ ಕೊಡ್ತೀಯೋ ಇಲ್ವೋ ನೋಡಬೇಕಂತೆ, ಅಪ್ಪಣೆ ಆಗ್ಯದೆ ಅಂದ. ಕುರುಡಿಗೆ ಕಿವೀನೇ ಕಣ್ಣು ನೋಡು. ಲಕ್ಕವ್ವ ಕೈ ಚಾಚಿದವಳು ಹಿಂದಕ್ಕೆ ಎಳ್ಕೊಂಡ್ಲಂತೆ. ಯಾರೇ ಅದು ನಿನ್ನ ಹಿಂದೆ ಅಂದ್ಲು. ತಳವಾರ ಕಣವ್ವಾ. ಯಾಕೆ ಬಂದ? ಮುದ್ದೀರಿ ಇದ್ದದ್ದು ಇದ್ದಂಗೆ ಹೇಳಿದ್ಲು. ಮುದುಕಿ ಕೇಳಿದ್ಲಂತೆ. ಮುದ್ದೀರೀ, ಇವತ್ತು ನೀನು ಬರದೇ ಇರಬಹುದಿತ್ತಾ?

ಮುದ್ದೀರಿ ಬಾಯಿ ತೆಗೆದ್ಲು. ಆ ಉದ್ದ ನಾಲಿಗೆ ಮೊದಲನೇ ಸಲ ಒಣಗಿತು. ಅವ್ವಾ, ಡಂಗುರ ಇಲ್ಲದೇ ಇದ್ರೂ ನಾನು ಬರ್ತಿದ್ದೆ, ನಿನಗೆ ಗೊತ್ತಿಲ್ವಾ ಅಂದ್ಲು. ನಿನ್ನೆವರೆಗೂ ಗೊತ್ತಿತ್ತು ಕಣೇ, ಇನ್ಮೇಲೆ ಹೆಂಗೆ ಗೊತ್ತಾಗಬೇಕು, ನಾಳೆ ನಿನಗೆ ಬೇಜಾರಾದ್ರೂ ಬರ್ತೀಯ, ನಾಡಿದ್ದು ನನ್ನ ಮೇಲೆ ಸಿಟ್ಟು ಬಂದ್ರೂ ಬರ್ತೀಯ, ಆಗ ಉಪ್ಪು ಕಮ್ಮಿ ಅಂತ ನಾನು ಯಾವ ಬಾಯಲ್ಲಿ ಅನ್ನಲಿ, ಇದು ಅಂಬಲಿ ಅಲ್ಲ, ಬಿಟ್ಟಿ, ತಗೊಂಡು ಹೋಗು ಅಂದ್ಲು ಮುದುಕಿ. ಈಗ ನಾವು ಬಿಟ್ಟಿ ಅಂದ್ರೆ ಪುಕ್ಕಟೆ ಸಿಕ್ಕಿದ್ದು ಅಂತೀವಲ್ಲ, ಆ ಕಾಲಕ್ಕೆ ಬಿಟ್ಟಿ ಅಂದ್ರೆ ದೊರೆ ಕಡೆಯೋರು ಹಿಡ್ಕೊಂಡು ಹೋಗಿ ಕೂಲಿ ಇಲ್ಲದೆ ದುಡಿಸ್ಕೊಳ್ಳೋದು. ಕಣ್ಣು ಹೋಗ್ಯದೆ ಅಂತ ಮಾನ ಹೋಗಿಲ್ಲ ಕಣೇ, ಬಿಟ್ಟಿ ಕೂಳು ತಿನ್ನಲ್ಲ ಅಂದು ತುಟಿ ಬಿಗಿ ಹಿಡಿದ್ಲು. ಮುದ್ದೀರಿ ಬೇಡ್ಕೊಂಡ್ಲು, ಬೈದ್ಲು, ಅತ್ತುಬಿಟ್ಲು. ಊಹೂಂ. ಕುಡಿಕೆ ಅಲ್ಲೇ ಇಟ್ಟು ಬಂದ್ಲು. ಸಂಜೆ ಹೋಗಿ ನೋಡಿದ್ರೆ ಅಂಬಲಿ ಮೇಲೆ ಕೆನೆ ಕಟ್ಟಿತ್ತು, ಮುದುಕಿ ಮುಟ್ಟಿರಲಿಲ್ಲ.

ಆಗ ಮುದ್ದೀರಿಗೆ ಒಂದು ಮಾತು ಹೊಳೀತಂತೆ. ಊಹೂಂ ಅನ್ನೋ ಬಾಯಿ ಕಿತ್ಕೊಂಡ್ರೆ ಹೂಂ ಅನ್ನೋ ಬಾಯಿ ಎಲ್ಲಿ ಉಳೀತದೆ? ಇದ್ದಿದ್ದು ಒಂದೇ ಬಾಯಿ. ಮುದುಕಿ ಅಂಬಲಿ ಕುಡೀಬೇಕು ಅಂದ್ರೆ ಮೊದಲು ತನ್ನ ಊಹೂಂ ತನಗೆ ವಾಪಸು ಬರಬೇಕು. ಅದೂ ಬೇಗ ಬರಬೇಕು, ಯಾಕೆ ಅಂದ್ರೆ ಮುದುಕೀಲಿ ಇನ್ನು ಎಷ್ಟು ಜೀವ ಇದ್ದೀತು?

ಮಾರನೇ ದಿನ ಮರಿಗುಡ್ಡ ಬಂದು, ಪಟೇಲ್ರು ಕರೀತಾ ಅವ್ರೆ, ಕೈ ಕೊಡಬೇಕಂತೆ ಅಂದ. ಮುದ್ದೀರಿ ಹೊಸಿಲ ಮೇಲೆ ನಿಂತು ಊಹೂಂ ಅಂದ್ಲು. ಮರಿಗುಡ್ಡನ ಕೈಯಿಂದ ಕೋಲು ಬಿತ್ತಂತೆ. ಏನಕ್ಕಾ, ಕೆಮ್ಮಿದ್ಯಾ ಅಂದ. ಕೆಮ್ಮಲಿಲ್ಲ ಕಣೋ, ಊಹೂಂ ಅಂದೆ. ಆಮೇಲೆ ಪಟೇಲನೇ ಬಂದ. ಏನೇ, ಕೊಬ್ಬಾ ಅಂದ. ಕೊಬ್ಬು ಇರೋರ ಬೆನ್ನಿಗೇ ಕಡಿತ ಜಾಸ್ತಿ ಪಟೇಲ್ರೇ, ಊಹೂಂ ಅಂದ್ಲು. ಬಾಗಿಲ ಸಂದೀಲಿ ಯಾರೋ ಕಿಸಕ್ಕಂತ ನಕ್ಕರು. ಪಟೇಲ ಉರ್ಕೊಂಡು ಅರಮನೆಗೆ ಹೇಳಿ ಕಳಿಸ್ದ. ಮಾರನೇ ದಿನ ದೊರೆ ತಾನೇ ಬಂದು ಊರ ಮುಂದಿನ ಕಟ್ಟೆ ಮೇಲೆ ಕೂತು ಅವಳನ್ನ ಕರೆಸಿದ್ನಂತೆ.

ಅವತ್ತು ಹಾಡ್ತಾ ಇದ್ದೋಳು ನೀನೇ ಅಲ್ವೇನವ್ವಾ ಅಂದ ದೊರೆ. ನಾನೇ ಬುದ್ಧೀ. ಎಲ್ಲರಿಗಿಂತ ಮುಂದೆ ಹೋಗಿ ಕೈ ಕೊಡೋಳು ನೀನು, ನನ್ನ ಡಂಗುರಕ್ಕೆ ನೀನೇ ಅಡ್ಡ ನಿಂತ್ರೆ ಹೆಂಗೆ? ನಾನು ಹೇಳಿದ್ದು ಕಳ್ಳತನ ಮಾಡಿ ಅಂತ ಅಲ್ಲ, ಒಳ್ಳೇದು ಮಾಡಿ ಅಂತ. ಮುದ್ದೀರಿ ಹೇಳಿದ್ಲಂತೆ, ಒಳ್ಳೇದು ನನ್ನ ಹತ್ತಿರ ಇತ್ತು ಬುದ್ಧೀ, ನೀವು ಅದನ್ನ ಕಿತ್ಕೊಂಡು ನಿಮ್ಮ ಮುದ್ರೆ ಒತ್ತಿ ನನಗೇ ವಾಪಸು ಕೊಟ್ರಿ, ಈಗ ಅದನ್ನ ನಮ್ಮ ಮುದುಕಿ ಮುಟ್ಟಲ್ಲ ಅಂತಾಳೆ. ದೊರೆ ಹೊಳೆ ದಡದ ಕತೆ ಹೇಳ್ದ. ಅವರ ಮನಸ್ಸಿಗೆ ಬಿಟ್ಟಿದ್ದಕ್ಕೇ ನಮ್ಮವ್ವ ಸತ್ತಳು, ಇನ್ನೊಬ್ಬರ ಅವ್ವ ಸಾಯಬಾರದು, ಹೂಂ ಅನ್ನು ಅಂದ. ಮುದ್ದೀರಿಗೆ ಕರುಳು ಚುರುಕ್ ಅಂತು. ಆದ್ರೂ ಊಹೂಂ, ಮನಸ್ಸಿದ್ದೋರು ಅಪ್ಪಣೆ ಇಲ್ಲದಿದ್ರೂ ಬರ್ತಾರೆ ಬುದ್ಧೀ ಅಂದ್ಲು. ಅದು ಮೂರನೇ ಊಹೂಂ.

ದೊರೆಗೆ ಸಿಟ್ಟು ಬಂತು. ಇವಳನ್ನ ಕಂಬಕ್ಕೆ ಕಟ್ಟಿ ಅಂದ. ಆಮೇಲೆ ಇನ್ನೊಂದು ಡಂಗುರ ಹೊಡೆಸಿದ್ನಂತೆ. ಮುದ್ದೀರಿಗೆ ಯಾರೂ ಕೈ ಕೊಡಬಾರದು, ಹನಿ ನೀರು ಕೊಟ್ರೂ ಪಕ್ಕದಲ್ಲೇ ಕಟ್ಟಿಸ್ತೀನಿ. ಮನಸ್ಸಿದ್ದೋರು ಬರ್ತಾರೆ ಅಂದ್ಯಲ್ಲ, ಬರ್ತಾರಾ ನೋಡೋಣ ಅಂತ ನೆರಳಲ್ಲಿ ಕೂತ.

ಬಿಸಿಲು ಏರ್ತಾ ಬಂತು. ಮುದ್ದೀರಿ ಊರ ಕಡೆ ನೋಡಿದ್ಲು. ಎಲ್ಲಾ ಬಾಗಿಲೂ ಹಾಕಿದ್ವು. ಆ ಮನೆ ಹೆರಿಗೇಲಿ ನಾನೇ ನೀರು ಕಾಯಿಸಿದ್ದೆ ಅಂದ್ಕೊಂಡ್ಲು, ಬಾಗಿಲು ತೆಗೀಲಿಲ್ಲ. ಈ ಮನೆ ಸೂರಿಗೆ ನಾನೇ ಹುಲ್ಲು ಏರಿಸಿದ್ದೆ ಅಂದ್ಕೊಂಡ್ಲು, ಬಾಗಿಲು ತೆಗೀಲಿಲ್ಲ. ಗಂಟಲು ಒಣಗಿ ತುಟಿ ಒಡೀತು. ಬಿಸಿಲಿಗಿಂತ ಜಾಸ್ತಿ ಸುಟ್ಟಿದ್ದು ಇನ್ನೊಂದು. ಒಂದು ವೇಳೆ ದೊರೆ ಹೇಳಿದ್ದೇ ಸರಿ ಇದ್ರೆ? ಜನ ಅಂದ್ರೆ ಇಷ್ಟೇ ಇದ್ರೆ? ಹಂಗಂತ ಕಣ್ಣು ಮುಚ್ಚಿದ್ಲಂತೆ.

ಆಗ ಒಂದು ಅಗುಳಿ ಸರಕ್ಕಂತ ಸರೀತು. ಯಾರು ಬಂದಿರಬಹುದು ಹೇಳು? ಊಹೂಂ, ಲಕ್ಕವ್ವ ಅಲ್ಲ. ದೊಡ್ಡತಾಯಿ! ಸೊಂಟದಲ್ಲಿ ನೀರಿನ ಬಿಂದಿಗೆ, ಬಾಯಲ್ಲಿ ಬೈಗುಳ. ಏ ಕುಂಬಳಕಾಯಿ ಕಳ್ಳಿ, ನಿನ್ನ ಮೇಲೆ ಕನಿಕರ ಅಂದ್ಕೋಬೇಡ, ನೀನು ಸತ್ತೋದ್ರೆ ನಾಳೆಯಿಂದ ನಾನು ಯಾರ ಜೊತೆ ಜಗಳ ಆಡಲಿ, ಬಾಯಿ ತೆಗಿ ಅಂತ ನೀರು ಹುಯ್ದಳಂತೆ. ಮುದ್ದೀರಿ ಗಟಗಟ ಕುಡಿದು, ಬಳ್ಳಿ ಬೇರು ನಿಂದೇ ಇರಲಿ ಬಿಡೇ ಅಂದ್ಲು. ಈಗ ಬುದ್ಧಿ ಬಂತಾ ಅಂದ್ಲು ದೊಡ್ಡತಾಯಿ.

ಇವಳನ್ನೂ ಕಟ್ಟೋ ಅಂದ ದೊರೆ. ಮರಿಗುಡ್ಡ ಹಗ್ಗ ತಗೊಂಡು ಬಂದ. ಕಟ್ಟೋಕೆ ಬಗ್ಗಿದೋನು ಮುದ್ದೀರಿ ನೆತ್ತಿ ನೋಡ್ದ, ಬಿಸಿಲಿಗೆ ಕಾದು ಬಾಣಲೆ ಆಗಿತ್ತು. ಅವನು ಸುಮ್ಮನೆ ತನ್ನ ರುಮಾಲು ಬಿಚ್ಚಿ ಅವಳ ತಲೆ ಮೇಲೆ ಹೊದಿಸಿಬಿಟ್ಟ. ಮರಿಗುಡ್ಡಾ, ಡಂಗುರ ಕೇಳಿಸಲಿಲ್ವಾ ಅಂತ ಕೂಗಿದ್ನಂತೆ ದೊರೆ. ಅವನು ಕೈ ಕಟ್ಕೊಂಡು ಹೇಳ್ದ, ಕೇಳಿಸ್ತು ಬುದ್ಧೀ, ಎರಡೂ ಕೇಳಿಸ್ತು. ಮೊದಲನೇ ಡಂಗುರ ಎಲ್ಲರಿಗೂ ಕೈ ಕೊಡು ಅಂತದೆ, ಕೊಡದಿದ್ರೆ ಕಂಬ. ಎರಡನೇ ಡಂಗುರ ಇವಳಿಗೆ ಕೊಡಬೇಡ ಅಂತದೆ, ಕೊಟ್ರೆ ಕಂಬ. ಹೆಂಗೂ ನನಗೆ ಕಂಬ ತಪ್ಪಲ್ಲ. ಅದಕ್ಕೇ ಎರಡನ್ನೂ ಬಿಟ್ಟು ನನಗೆ ಕಂಡಿದ್ದು ಮಾಡಿದೆ. ಯಾವುದು ಪಾಲಿಸಬೇಕಿತ್ತು, ಅಪ್ಪಣೆ ಆಗಲಿ ಬುದ್ಧೀ.

ಅಷ್ಟರಲ್ಲಿ ಟಕ್, ಟಕ್, ಟಕ್. ಕೋಲು ಊರ್ಕೊಂಡು ಲಕ್ಕವ್ವ ಬರ್ತಾ ಇದ್ಲು. ಮೂರು ದಿನದಿಂದ ಹೊಟ್ಟೇಲಿ ಏನೂ ಇಲ್ಲ, ಕಂಕುಳಲ್ಲಿ ಅದೇ ಅಂಬಲಿ ಕುಡಿಕೆ. ಅತ್ತ ಇತ್ತ ತಡವಿಕೊಂಡು ಬಂದು, ಎಲ್ಲಿದ್ದೀಯೇ ಮುದ್ದೀರೀ, ಬಾಯಿ ಯಾವ ಕಡೆ ಅದೆ ಅಂದ್ಲು. ದೊರೆ ಎದ್ದು ನಿಂತು, ಏನಜ್ಜೀ, ನಿನಗಾದ್ರೂ ಡಂಗುರ ಕೇಳಿಸಲಿಲ್ವಾ ಅಂದ. ಕುರುಡಿ ಕಣಪ್ಪಾ ನಾನು, ಕಿವುಡಿ ಅಲ್ಲ, ಚೆನ್ನಾಗೇ ಕೇಳಿಸ್ತು, ಬರಬೇಡ ಅಂದ್ಯಲ್ಲ, ಅದಕ್ಕೇ ಬಂದೆ, ಬಾ ಅಂದಿದ್ರೆ ಬರ್ತಾ ಇರಲಿಲ್ಲ ಅಂದ್ಲಂತೆ ಮುದುಕಿ.

ಆಮೇಲೆ ಒಂದೊಂದೇ ಅಗುಳಿ ಸರೀತು. ಮಜ್ಜಿಗೆ ಹಿಡ್ಕೊಂಡು ಒಬ್ಬರು, ಚಾಪೆ ಹಿಡ್ಕೊಂಡು ಒಬ್ಬರು, ಹಸುಗೂಸು ಕಟ್ಕೊಂಡು ಒಬ್ಬಳು. ಎಲ್ಲರೂ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ, ಒಂದಷ್ಟು ಬಾಗಿಲು ಹಾಕಿದಂಗೇ ಇದ್ವಂತೆ. ಬಂದೋರು ಕಂಬದ ಸುತ್ತ ನಿಂತ್ರು. ವಾಪಸು ಹೋಗ್ರಿ ಅಂದ ದೊರೆ. ಊಹೂಂ ಅಂತು ಜನ. ಅದು ಒಂದು ಬಾಯಿಂದ ಬಂದಿದ್ದಲ್ಲ, ಕಲ್ಲಿಗೆ ರಾಗಿ ಸುರಿದಂಗೆ ದಡದಡ ಅಂತ ಬಂತು. ದೊರೆ ಕುದುರೆ ಒಂದು ಹೆಜ್ಜೆ ಹಿಂದಕ್ಕೆ ಹೋಯ್ತಂತೆ.

ದೊರೆ ಕಟ್ಟೆ ಮೇಲೆ ಕುಸಿದು ಕೂತು, ಹಂಗಾದ್ರೆ ಅವತ್ತು ಹೊಳೆ ದಡದಲ್ಲಿ ಒಬ್ಬನಾದ್ರೂ ಯಾಕೆ ಹಿಂಗೆ ಬರಲಿಲ್ಲ ಅಂದ್ನಂತೆ. ಸಿಟ್ಟಿಂದ ಅಲ್ಲ, ತಾಯಿ ಕಳ್ಕೊಂಡ ಮಗು ಕೇಳಿದಂಗೆ ಕೇಳ್ದ. ಮುದ್ದೀರಿ ಕಂಬದಲ್ಲೇ ನಿಂತು ಹೇಳಿದ್ಲು. ಬುದ್ಧೀ, ನಿಮ್ಮಪ್ಪಾಜಿ ಕಾಲದ ಡಂಗುರ ನಿಮಗೆ ನೆನಪಿಲ್ವಾ? ಅಪ್ಪಣೆ ಇಲ್ಲದೆ ರಾಣಿ ಪಲ್ಲಕ್ಕಿ ಮುಟ್ಟಿದೋರ ಕೈ ಕತ್ತರಿಸಬೇಕು ಅಂತ ಇತ್ತು. ಅವರು ಮನಸ್ಸಿಲ್ಲದೆ ನಿಂತಿದ್ದಲ್ಲ. ಅಪ್ಪಣೆಗೆ ಕಾಯ್ತಾ ನಿಂತಿದ್ರು.

ದೊರೆ ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಎದ್ದು ಬಂದು ತಾನೇ ಹಗ್ಗ ಬಿಚ್ಚೋಕೆ ಕೂತ. ಮರಿಗುಡ್ಡ ಹಾಕಿದ ಗಂಟು, ದೊರೆ ಉಗುರಿಗೆ ಬಿಚ್ಚೋಕೆ ಬರಲಿಲ್ಲ. ಅವನು ಸುತ್ತ ನೋಡ್ದ. ಯಾರಲ್ಲಿ ಅಂತ ಕೂಗೋಕೆ ಹೋದೋನು ನುಂಗ್ಕೊಂಡು, ದೊಡ್ಡತಾಯಿ ಕಡೆ ತಿರುಗಿ ಮೆಲ್ಲಗೆ, ಒಂದು ಕೈ ಕೊಡ್ತೀಯೇನವ್ವಾ ಅಂದ್ನಂತೆ. ದೊಡ್ಡತಾಯಿ ಅವನನ್ನ ಮೇಲಿಂದ ಕೆಳಗಿನವರೆಗೂ ನೋಡಿ, ಸತ್ತ ಕರೂನ ನೆನೆಸ್ಕೊಂಡು, ಸ್ವಲ್ಪ ಹೊತ್ತು ಕಾಯಿಸಿ, ಆಮೇಲೆ ಹೂಂ ಅಂದ್ಲಂತೆ.

ದೊರೆ ಎರಡು ಡಂಗುರಾನೂ ವಾಪಸು ತಗೊಂಡ. ಹೊಳೆ ಹತ್ತಿರ ದಪ್ಪ ಹಗ್ಗ ಕಟ್ಟಿಸಿ, ಹರಿಗೋಲು ಇಡಿಸಿ, ಅಂಬಿಗನಿಗೆ ಅರಮನೆ ಕಣಜದಿಂದ ರಾಗಿ ಅಳೆಸಿದ್ನಂತೆ. ಅದು ದೊರೆ ಕೆಲಸ. ಅವನು ಅದನ್ನ ಮಾಡೋದು ಬಿಟ್ಟು ಊರೋರ ಬಾಯಿಗೆ ಕೈ ಹಾಕಿದ್ದ, ಅಷ್ಟೇ. ದೊಡ್ಡತಾಯಿಗೆ ಅರಮನೆ ಕೊಟ್ಟಿಗೆಯಿಂದ ಒಂದು ಹೆಣ್ಣುಕರು ಬಂತು. ಪಟೇಲ ಅವತ್ತಿಂದ ಗೋಡೆಗೆ ಬೆನ್ನು ಉಜ್ಜಿಕೊಳ್ಳೋದು ಕಲಿತ. ಬೀಸೋಕಲ್ಲ ಹತ್ತಿರ ಹಾಡಿನ ಎರಡನೇ ಸೊಲ್ಲೂ ಬಂತು, ಮೂರನೇದೂ ಬಂತು. ಊಹೂಂ ಅನ್ನೋರು ಅಂತಾನೇ ಇದ್ರು, ಸೋಮಾರಿಗಳು ಸೋಮಾರಿಗಳಾಗೇ ಇದ್ರು, ಆದ್ರೆ ಬಾಗಿಲಿಗೆ ಅಗುಳಿ ಬೀಳಲಿಲ್ಲ.

ಕಂಬದಿಂದ ಬಿಚ್ಚಿದ ಮಾರನೇ ಬೆಳಗ್ಗೆ ಮುದ್ದೀರಿ ಬಿಸಿಬಿಸಿ ಅಂಬಲಿ ತಗೊಂಡು ಲಕ್ಕವ್ವನ ಗುಡಿಸಲಿಗೆ ಹೋದ್ಲಂತೆ. ಹಿಂದೆ ಯಾವ ಕೋಲಿನ ಸದ್ದೂ ಇಲ್ಲ. ಮುದುಕಿ ಕಿವಿ ನಿಮಿರಿಸಿ ಕೇಳಿ, ಮುದ್ದೀರೀ, ಇವತ್ತು ನೀನು ಬರದೇ ಇರಬಹುದಿತ್ತಾ ಅಂದ್ಲು. ಹೂಂ ಕಣವ್ವಾ, ಇರಬಹುದಿತ್ತು, ಮೈಯೆಲ್ಲ ನೋವು, ಬರೋದೇ ಬೇಡ ಅಂತ ಒಂದು ಮಗ್ಗುಲು ಹೊರಳಿ ಮಲಗಿದ್ದೆ ಅಂದ್ಲು ಮುದ್ದೀರಿ.

ಹಂಗಾದ್ರೆ ಹುಯ್ಯಿ ಅಂದ್ಲಂತೆ ಮುದುಕಿ. ತಳ ಕಾಣೋವರೆಗೂ ಕುಡಿದು, ತುಟಿ ಒರೆಸ್ಕೊಂಡು, ಉಪ್ಪು ಕಮ್ಮಿ ಕಣೇ ಅಂದ್ಲಂತೆ.

ಅಲ್ಲಿಗೆ ಅವಳ ಕುಡಿಕೆ ಬರಿದಾಯ್ತು, ಇಲ್ಲಿಗೆ ನನ್ನ ಕತೆ ಮುಗೀತು. ಕೇಳಿಸ್ತಾ ಮಗಾ? ಹೂಂ ಅನ್ನಲಿಲ್ಲವಲ್ಲ. ನಿದ್ದೆ ಹತ್ತಿತಾ? ಇರಲಿ ಬಿಡು, ಮಲಗು. ಅನ್ನಲೇಬೇಕು ಅಂತೇನಿಲ್ಲ.